ನೋಟಿಸಿನ ಫೋಟೋ, ಕೋಟೆಯ ಫೋಟೋ: ಕಣ್ಣು ಕಾಣದವರಿಗಾಗಿ ಚಿತ್ರವಿವರಣೆ ಬರೆಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುವ ಹೊಣೆಯೂ ನನ್ನದೇ. ಸೈಟು ವರ್ಡ್‌ಪ್ರೆಸ್ ಎಂಬ, ವೆಬ್‌ಸೈಟ್ ನಡೆಸುವ ತಂತ್ರಾಂಶದಲ್ಲಿದೆ. ಚಿತ್ರಗಳು ಆರುನೂರರ ಹತ್ತಿರ ಇರಬಹುದು: ಸುತ್ತೋಲೆಗಳ ಫೋಟೋ, ಕಾರ್ಯಕ್ರಮಗಳ ಫೋಟೋ, ಚಿತ್ರದುರ್ಗದ ಕೋಟೆಗೆ ಹೋದ ಪ್ರವಾಸದ ಫೋಟೋ, ಭೂಗೋಳ ವಿಭಾಗದವರ ಗ್ರಾಫ್‌ಗಳು. ಈ ವರ್ಷ ಬಿಎಗೆ ಸೇರಿದ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಬಂದು, “ಮೇಡಂ, ಪರೀಕ್ಷಾ ಶುಲ್ಕದ ನೋಟಿಸ್ ಮುಟ್ಟಿದ್ರೆ ಫೋನು ಐಎಂಜಿ ಅಂತ ಶುರು ಮಾಡಿ ಬರೀ ನಂಬರ್ ಓದುತ್ತೆ. ಕೊನೇ ದಿನ ಯಾವತ್ತು ಅಂತ ಗೊತ್ತಾಗ್ಲೇ ಇಲ್ಲ” ಅಂದ. ಚಿತ್ರದ ಬದಲು ಫೋನು ಓದಿ ಹೇಳುವ ವಿವರಣೆ, ಅಂದರೆ ಆಲ್ಟ್ ಟೆಕ್ಸ್ಟ್ ತುಂಬಬೇಕು ಎಂದು ತಿಳಿದಿದೆ. ಆದರೆ ಒಬ್ಬ ಸಹೋದ್ಯೋಗಿ 125 ಅಕ್ಷರ ಮೀರಬಾರದು ಎನ್ನುತ್ತಾರೆ, ಇನ್ನೊಬ್ಬರು ಕಂಡದ್ದನ್ನೆಲ್ಲ ಬರೆಯಬೇಕು ಎನ್ನುತ್ತಾರೆ, ಮತ್ತೊಬ್ಬರು ವಿವರಣೆಯನ್ನು ತಾನೇ ಬರೆಯುವ ಎಐ ಪ್ಲಗಿನ್ ಹಾಕಿಬಿಡಿ ಎನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಫೋನು ಓದುತ್ತದೆಯೇ? ಒಂದು ಚಿತ್ರಕ್ಕೂ ಖಾಲಿ ಬಿಡಬಾರದೇ? ಇಷ್ಟು ಹಳೆಯ ಚಿತ್ರಗಳಲ್ಲಿ ಎಲ್ಲಿಂದ ಶುರು ಮಾಡಲಿ? ಇದು ನಮ್ಮಂಥ ಕಾಲೇಜಿಗೂ ಕಾನೂನಿನ ಪ್ರಕಾರ ಕಡ್ಡಾಯವೇ?

ಉತ್ತರ: ನಿಮ್ಮ ವಿದ್ಯಾರ್ಥಿಯ ಫೋನು ಓದಿದ್ದು ಫೈಲಿನ ಹೆಸರನ್ನು. ಅದು ಏಕೆ ಹಾಗೆ ಮಾಡಿತು ಎಂದು ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರವಿದೆ.

ವಾಟ್ಸಾಪ್‌ನಲ್ಲಿ ಬಂದ ಫೋಟೋ ಫೋನಿನಲ್ಲಿ ಉಳಿಯುವಾಗ ಐಎಂಜಿ, ಆಮೇಲೆ ದಿನಾಂಕ, ಆಮೇಲೆ ಡಬ್ಲ್ಯುಎ, ಕೊನೆಗೆ ಒಂದು ಸಂಖ್ಯೆ, ಹೀಗೆ ಹೆಸರು ಪಡೆಯುತ್ತದೆ. ಆಫೀಸಿನವರು ಅದನ್ನು ಹಾಗೆಯೇ ಅಪ್‌ಲೋಡ್ ಮಾಡಿದ್ದಾರೆ. ಆಲ್ಟ್ ಟೆಕ್ಸ್ಟ್ ಬಾಕ್ಸ್ ಖಾಲಿ ಬಿಟ್ಟರೆ ವರ್ಡ್‌ಪ್ರೆಸ್‌ನ ಬ್ಲಾಕ್ ಎಡಿಟರ್ ಖಾಲಿ ಆಲ್ಟ್ ಬರೆದುಕೊಳ್ಳುತ್ತದೆ. ಖಾಲಿ ಆಲ್ಟ್ ಎಂದರೆ ಸ್ಕ್ರೀನ್ ರೀಡರ್‌ಗೆ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ) “ಇದು ಬರೀ ಅಲಂಕಾರ, ಬಿಟ್ಟು ಮುಂದೆ ಹೋಗು” ಎಂಬ ಸೂಚನೆ. ಬೇರೇನೂ ಇಲ್ಲದಿದ್ದರೆ ಫೋನು ಮೌನವಾಗಿ ದಾಟಿಹೋಗಬೇಕಿತ್ತು. ಮೌನವಾಗದೆ ಹೆಸರು ಓದಿದೆ ಎಂದರೆ ಬಹುಮಟ್ಟಿಗೆ ಆ ಚಿತ್ರಕ್ಕೆ ಲಿಂಕ್ ಇದೆ. ಒತ್ತಿದರೆ ದೊಡ್ಡದಾಗಿ ಕಾಣಲಿ ಎಂದು ಚಿತ್ರವನ್ನು ಅದರದೇ ಫೈಲಿಗೆ ಲಿಂಕ್ ಮಾಡಿರುತ್ತಾರೆ. ಲಿಂಕನ್ನು ಸ್ಕ್ರೀನ್ ರೀಡರ್ ಬಿಟ್ಟುಬಿಡುವಂತಿಲ್ಲ, ಏನಾದರೂ ಹೆಸರು ಹೇಳಲೇಬೇಕು. ಒಳಗೆ ಪಠ್ಯವಿಲ್ಲ, ಆಲ್ಟ್ ಇಲ್ಲ. ಆಗ ಲಿಂಕಿನ ವಿಳಾಸದ ತುದಿಯಲ್ಲಿರುವ ಫೈಲಿನ ಹೆಸರನ್ನೇ ಓದುತ್ತದೆ.

ಆದ್ದರಿಂದ ಮೊದಲ ನಿಯಮ ಇದು: ಲಿಂಕ್ ಅಥವಾ ಬಟನ್ನಿನ ಒಳಗೆ ಚಿತ್ರವೊಂದೇ ಇದ್ದರೆ ಆಲ್ಟ್ ಎಂದಿಗೂ ಖಾಲಿ ಇರಕೂಡದು. ಅಲ್ಲಿ ಬರೆಯಬೇಕಾದ್ದು ಚಿತ್ರದ ನೋಟವನ್ನಲ್ಲ, ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು. ಭೂತಗನ್ನಡಿಯ ಚಿತ್ರವಿದ್ದರೆ “ಹುಡುಕಿ” ಎಂದಷ್ಟೇ ಬರೆಯಿರಿ, ಭೂತಗನ್ನಡಿ ಎಂದಲ್ಲ. ಮೇಲಿನ ಲಾಂಛನ ಒತ್ತಿದರೆ ಮುಖಪುಟಕ್ಕೆ ಹೋಗುವುದಾದರೆ ಕಾಲೇಜಿನ ಹೆಸರು ಬರೆದು “ಮುಖಪುಟ” ಎಂದು ಸೇರಿಸಿ. “ಲೋಗೋ” ಎಂಬ ಒಂಟಿ ಪದದಿಂದ ಯಾರಿಗೂ ಪ್ರಯೋಜನವಿಲ್ಲ.

ಇನ್ನು ನಿಮ್ಮ ಸಹೋದ್ಯೋಗಿಗಳ ಮಾತಿಗೆ ಬರೋಣ.

125 ಅಕ್ಷರದ ಮಿತಿ ಯಾವ ಮಾನದಂಡದಲ್ಲೂ ಇಲ್ಲ. ವೆಬ್‌ಸೈಟುಗಳು ಎಲ್ಲರಿಗೂ ಎಟುಕಲಿ ಎಂದು ಜಗತ್ತಿನಾದ್ಯಂತ ಅನುಸರಿಸುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ 1.1.1ನೇ ನಿಯಮ ಕೇಳುವುದು ಚಿತ್ರದ ಉದ್ದೇಶವನ್ನೇ ಪೂರೈಸುವ ಪಠ್ಯವನ್ನು. ಅಕ್ಷರಗಳ ಲೆಕ್ಕವನ್ನು ಅದು ಹೇಳುವುದಿಲ್ಲ. ಈ ಸಂಖ್ಯೆ ಬಂದದ್ದು ಜಾಸ್ ಎಂಬ ಸ್ಕ್ರೀನ್ ರೀಡರ್‌ನಿಂದ. ಅದು ಉದ್ದದ ಆಲ್ಟ್ ಟೆಕ್ಸ್ಟನ್ನು ಸುಮಾರು ಅಷ್ಟಷ್ಟು ಅಕ್ಷರಗಳ ತುಂಡು ಮಾಡಿ ಓದುತ್ತಿತ್ತು. ಮೇಲಾಗಿ ಆ ಲೆಕ್ಕ ಇಂಗ್ಲಿಷಿನದು. ಕನ್ನಡದಲ್ಲಿ ಗುಣಿತ, ಒತ್ತಕ್ಷರಗಳನ್ನೆಲ್ಲ ಕಂಪ್ಯೂಟರ್ ಬಿಡಿಬಿಡಿಯಾಗಿ ಎಣಿಸುತ್ತದೆ. “ಸ್ತ್ರೀ” ಎಂಬ ಒಂದೇ ಅಕ್ಷರ ಅದರ ಲೆಕ್ಕದಲ್ಲಿ ಆರು. ಅಕ್ಷರ ಎಣಿಸುವುದನ್ನು ಬಿಡಿ. ಒಂದರಿಂದ ಮೂರು ಚಿಕ್ಕ ವಾಕ್ಯ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚು ಬೇಕು ಅನ್ನಿಸಿದರೆ ಆ ಹೆಚ್ಚಿನ ವಿಷಯ ಆಲ್ಟ್ ಬಾಕ್ಸಿನಲ್ಲಿ ಇರುವುದಲ್ಲ, ಪುಟದ ಮೇಲೇ ಎಲ್ಲರಿಗೂ ಕಾಣುವಂತೆ ಇರಬೇಕಾದದ್ದು.

ಕಂಡದ್ದನ್ನೆಲ್ಲ ಬರೆಯಬೇಕು ಎಂಬುದೂ ಸರಿಯಲ್ಲ. ಆಲ್ಟ್ ಟೆಕ್ಸ್ಟ್ ಒಂದೇ ಉಸಿರಿನಲ್ಲಿ ಓದಿಸಿಕೊಂಡು ಹೋಗುತ್ತದೆ. ನಡುವೆ ಶೀರ್ಷಿಕೆ, ಪಟ್ಟಿ, ಪ್ಯಾರಾ ಏನೂ ಇರುವಂತಿಲ್ಲ, ಆದ್ದರಿಂದ ಕೇಳುವವರು ಬೇಕಾದ ಕಡೆಗೆ ಹಾರಿ ಹೋಗಲಾರರು. ನಲವತ್ತು ಪದ ಕೇಳಿದ ಮೇಲೆ ವಿಷಯ ಬಂದರೆ, ಅಷ್ಟರಲ್ಲಿ ಅವರು ಮುಂದಿನ ಪ್ಯಾರಾಗೆ ಸರಿದಿರುತ್ತಾರೆ.

ಒಂದೇ ಫೋಟೋ, ನಾಲ್ಕು ಕಡೆ

ಪ್ರವಾಸದ ಫೋಟೋಗಳಲ್ಲಿ ಓಬವ್ವನ ಕಿಂಡಿಯದೊಂದು ಇದ್ದೇ ಇರುತ್ತದೆ. ಕಿಂಡಿ, ಅದರ ಮುಂದೆ ಹತ್ತು ಹನ್ನೆರಡು ವಿದ್ಯಾರ್ಥಿಗಳು, ಕೈ ಮಾಡಿ ತೋರಿಸುತ್ತಿರುವ ಒಬ್ಬ ಉಪನ್ಯಾಸಕರು ಎಂದಿಟ್ಟುಕೊಳ್ಳೋಣ. ಇದಕ್ಕೆ ಸರಿಯಾದ ಆಲ್ಟ್ ಯಾವುದು ಎಂದು ಕೇಳಿದರೆ, ಫೋಟೋ ಯಾವ ಪುಟದಲ್ಲಿದೆ ಎಂದು ತಿಳಿಯದೆ ಉತ್ತರ ಹೇಳಲಾಗದು.

ಇತಿಹಾಸ ವಿಭಾಗದ ಪುಟದಲ್ಲಿ, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದದ್ದು, ಓಬವ್ವ ಒನಕೆ ಹಿಡಿದು ನಿಂತದ್ದು ಇದನ್ನೆಲ್ಲ ಹೇಳುವ ಪ್ಯಾರಾದ ಪಕ್ಕದಲ್ಲಿದ್ದರೆ, ಹೀಗೆ ಬರೆಯಬಹುದು: “ಓಬವ್ವನ ಕಿಂಡಿ. ದೊಡ್ಡ ಬಂಡೆಗಳ ನಡುವೆ ಒಬ್ಬರು ಮೈ ಬಗ್ಗಿಸಿ ಮಾತ್ರ ನುಸುಳಬಹುದಾದ ಇಕ್ಕಟ್ಟು ಸಂದಿ.” ಕಥೆ ನಿಂತಿರುವುದೇ ಆ ಇಕ್ಕಟ್ಟಿನ ಮೇಲೆ. ಇಷ್ಟು ಜನ ಒಬ್ಬಳ ಕೈಲಿ ಹೇಗೆ ಸತ್ತರು ಎಂಬ ಪ್ರಶ್ನೆಗೆ ಕಣ್ಣಿದ್ದವರಿಗೆ ಫೋಟೋ ಉತ್ತರ ಕೊಡುತ್ತದೆ. ಆ ಉತ್ತರ ಕಾಣದವರಿಗೂ ಸಿಗಬೇಕು. ವಿದ್ಯಾರ್ಥಿಗಳು ನಿಂತಿರುವುದು ಇಲ್ಲಿ ಮುಖ್ಯವಲ್ಲ, ಬಿಡಿ.

ಪ್ರವಾಸದ ವರದಿಯಲ್ಲಿದ್ದರೆ ತೂಕ ಬದಲಾಗುತ್ತದೆ: “ಓಬವ್ವನ ಕಿಂಡಿಯ ಮುಂದೆ ನಮ್ಮ ಬಿಎ ವಿದ್ಯಾರ್ಥಿಗಳು. ಉಪನ್ಯಾಸಕರು ಕಿಂಡಿಯತ್ತ ಕೈ ತೋರಿಸಿ ವಿವರಿಸುತ್ತಿದ್ದಾರೆ, ಇಬ್ಬರು ಬಂಡೆಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದಾರೆ.” ಮುಖಪುಟದಲ್ಲಿ ಇದೇ ಫೋಟೋ ಚಿಕ್ಕದಾಗಿದ್ದು, ಒತ್ತಿದರೆ ಆಲ್ಬಂ ತೆರೆಯುವುದಾದರೆ “ಚಿತ್ರದುರ್ಗ ಪ್ರವಾಸದ ಫೋಟೋಗಳು” ಎಂದರೆ ಮುಗಿಯಿತು. ಪುಟದ ತಲೆಯ ಮೇಲೆ ಮಸುಕು ಮಾಡಿ ಪಟ್ಟಿಯ ಹಾಗೆ ಹಾಸಿದ್ದರೆ ಅದು ಅಲಂಕಾರ, ಖಾಲಿ ಬಿಡಿ.

ಹೌದು, ಖಾಲಿ ಬಿಡುವುದು ತಪ್ಪಲ್ಲ, ಎಷ್ಟೋ ಕಡೆ ಅದೇ ಸರಿ. ಕೋಡ್ ಕೈಯಿಂದ ಬರೆಯುವವರು ಒಂದು ಎಚ್ಚರ ವಹಿಸಬೇಕು: ಆಲ್ಟ್ ಎಂಬ ಗುಣವನ್ನೇ ಬಿಟ್ಟುಬಿಡುವುದು ಬೇರೆ, ಆಲ್ಟ್ ಬರೆದು ಉದ್ಧರಣ ಚಿಹ್ನೆಗಳ ನಡುವೆ ಏನೂ ಬರೆಯದಿರುವುದು ಬೇರೆ. ಮೊದಲನೆಯದು ಮರೆವು, ಆಗ ಕೆಲವು ಸ್ಕ್ರೀನ್ ರೀಡರ್‌ಗಳು ಫೈಲಿನ ಹೆಸರು ಹುಡುಕಿಕೊಂಡು ಹೋಗುತ್ತವೆ. ಎರಡನೆಯದು ತಿಳಿದು ಮಾಡಿದ ತೀರ್ಮಾನ. ಚಿಹ್ನೆಗಳ ನಡುವೆ ಒಂದು ಸ್ಪೇಸ್ ಕೂಡ ಇರದಿರಲಿ.

ಅಧ್ಯಾಪಕರ ಪಟ್ಟಿಯಲ್ಲಿ ಪ್ರತಿ ಫೋಟೋದ ಕೆಳಗೆ ಹೆಸರು, ವಿದ್ಯಾರ್ಹತೆ ಇದ್ದೇ ಇರುತ್ತದೆ. ಆಲ್ಟ್‌ನಲ್ಲೂ ಹೆಸರು ಹಾಕಿದರೆ ನಲವತ್ತು ಜನರ ಹೆಸರನ್ನು ಎರಡೆರಡು ಸಲ ಕೇಳಬೇಕು. ಅಲ್ಲಿ ಖಾಲಿ ಬಿಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಸಮಾರಂಭದ ಗುಂಪು ಫೋಟೋದಲ್ಲಿ ಹೆಸರುಗಳು ಬೇಕು. ಅವನ್ನು ಫೋಟೋದ ಅಡಿಬರಹದಲ್ಲೇ ಎಡದಿಂದ ಬಲಕ್ಕೆ ಬರೆದುಬಿಡಿ, ಎಲ್ಲರಿಗೂ ಅನುಕೂಲ, ಆಲ್ಟ್‌ನಲ್ಲಿ ಏನು ನಡೆಯುತ್ತಿದೆ ಎಂದಷ್ಟೇ ಹೇಳಿ: “ಅತಿಥಿಗಳು ದೀಪ ಬೆಳಗಿಸುತ್ತಿದ್ದಾರೆ.” ನಿಮಗೆ ಖಚಿತವಾಗಿ ತಿಳಿಯದ ವಯಸ್ಸು, ಜಾತಿ, ಧರ್ಮಗಳನ್ನು ಮುಖ ಅಥವಾ ಉಡುಪು ನೋಡಿ ಊಹಿಸಿ ಬರೆಯಬೇಡಿ.

ಬಣ್ಣ ಬರೆಯಬೇಕೇ ಎಂದು ಹಲವರು ಕೇಳುತ್ತಾರೆ. ಕಾಣದವರಿಗೆ ಬಣ್ಣ ಏಕೆ ಎಂಬ ಸಂಕೋಚ. ಸ್ಕ್ರೀನ್ ರೀಡರ್ ಬಳಸುವ ಎಷ್ಟೋ ಜನ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು, ಅವರಿಗೆ ಬಣ್ಣಗಳ ನೆನಪು ಗಟ್ಟಿಯಾಗಿರುತ್ತದೆ. ಹುಟ್ಟಿನಿಂದ ಕಾಣದವರೂ ಬಟ್ಟೆ ಕೊಳ್ಳುತ್ತಾರೆ, ಯಾವ ಬಣ್ಣ ಯಾವ ಸಂದರ್ಭಕ್ಕೆ ಎಂದು ತಿಳಿದಿರುತ್ತಾರೆ. ಬಣ್ಣ ವಿಷಯಕ್ಕೆ ಸಂಬಂಧಿಸಿದ್ದರೆ ಧಾರಾಳವಾಗಿ ಬರೆಯಿರಿ. ಮೊಳಕಾಲ್ಮೂರು ಸೀರೆಯ ಫೋಟೋಗೆ “ರೇಷ್ಮೆ ಸೀರೆ” ಎಂದಷ್ಟೇ ಬರೆಯುವುದು ಕೈ ತೊಳೆದುಕೊಂಡಂತೆ. “ಮೊಳಕಾಲ್ಮೂರು ರೇಷ್ಮೆ ಸೀರೆ. ಕಡುನೇರಳೆ ಒಡಲು, ಹಸಿರು ಅಂಚು, ಸೆರಗಿನಲ್ಲಿ ಜರಿಯ ನವಿಲು” ಎಂದರೆ ಸೀರೆ ಬಲ್ಲ ಯಾರಿಗಾದರೂ ಅದು ಹೇಗಿದೆ ಎಂದು ಗೊತ್ತಾಗುತ್ತದೆ. ಅದೇ ಗುಂಪು ಫೋಟೋದಲ್ಲಿ ಯಾರು ಯಾವ ಬಣ್ಣದ ಅಂಗಿ ಹಾಕಿದ್ದಾರೆ ಎಂಬುದು ಬೇಕಿಲ್ಲ.

ಕನ್ನಡ ವಾಕ್ಯವನ್ನು ಕಿವಿಗಾಗಿ ಕಟ್ಟುವುದು

ಇಂಗ್ಲಿಷಿನಲ್ಲಿ ಬರೆದ ಸಲಹೆಗಳು ಕನ್ನಡಕ್ಕೆ ಪೂರ್ತಿ ಒದಗದಿರುವುದು ಇಲ್ಲಿಯೇ. ಹೀಗೊಂದು ವಿವರಣೆ ನೋಡಿ: “ಕೆಂಪು ಅಂಚಿನ ಬಿಳಿ ಸೀರೆಯುಟ್ಟು, ಬಲಗೈಯಲ್ಲಿ ಪ್ರಶಸ್ತಿ ಪತ್ರ ಹಿಡಿದು, ಮುಖ್ಯ ಅತಿಥಿಗಳ ಪಕ್ಕದಲ್ಲಿ ನಗುತ್ತ ನಿಂತಿರುವ, ಅಂತರ ಕಾಲೇಜು ಚರ್ಚಾಸ್ಪರ್ಧೆಯಲ್ಲಿ ಮೊದಲ ಸ್ಥಾನ ಪಡೆದ ನಮ್ಮ ವಿದ್ಯಾರ್ಥಿನಿ.”

ವ್ಯಾಕರಣ ಸರಿಯಿದೆ. ಕಣ್ಣಲ್ಲಿ ಓದುವವರು ವಾಕ್ಯದ ಕೊನೆಗೊಮ್ಮೆ ನೋಟ ಹಾಯಿಸಿ ಹಿಂದಕ್ಕೆ ಬರುತ್ತಾರೆ. ಕಿವಿಗೆ ಆ ಸೌಲಭ್ಯವಿಲ್ಲ. ಸೀರೆ ಯಾರದು, ಪತ್ರ ಯಾರ ಕೈಯಲ್ಲಿದೆ ಎಂಬುದು ಕಟ್ಟಕಡೆಯ ಪದದವರೆಗೂ ತಿಳಿಯುವುದಿಲ್ಲ. ಅಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಕಾಯಬೇಕು. ಕನ್ನಡದಲ್ಲಿ ವಿಶೇಷಣ ಮೊದಲು, ನಾಮಪದ ಆಮೇಲೆ; “ನಿಂತಿರುವ”, “ಪಡೆದ”, “ಹಿಡಿದ” ಎಂದು ಎಷ್ಟು ಬೇಕಾದರೂ ಪೋಣಿಸುತ್ತ ಹೋಗಬಹುದು. ಚಿತ್ರವಿವರಣೆಗೆ ಈ ಸರಪಳಿ ಹಿಡಿಸುವುದಿಲ್ಲ. ರೂಢಿಯಿರುವವರು ಸ್ಕ್ರೀನ್ ರೀಡರನ್ನು ಬಹಳ ವೇಗವಾಗಿ ಓಡಿಸುತ್ತಾರೆ, ಮೊದಲ ಎರಡು ಮೂರು ಪದ ಕೇಳಿ ಬೇಕೋ ಬೇಡವೋ ಎಂದು ತೀರ್ಮಾನಿಸಿ ಮುಂದೆ ಸರಿಯುತ್ತಾರೆ.

ಒಡೆದು ಬರೆಯಿರಿ. ಯಾರು ಅಥವಾ ಏನು ಎಂಬುದು ಮೊದಲು, ವಿವರ ಆಮೇಲೆ: “ಚರ್ಚಾಸ್ಪರ್ಧೆ ಗೆದ್ದ ವಿದ್ಯಾರ್ಥಿನಿ, ಮುಖ್ಯ ಅತಿಥಿಗಳ ಪಕ್ಕದಲ್ಲಿ. ಕೈಯಲ್ಲಿ ಪ್ರಶಸ್ತಿ ಪತ್ರ.” ಕ್ರಿಯಾಪದವಿಲ್ಲದ ತುಂಡು ವಾಕ್ಯವಾದರೂ ಅಡ್ಡಿಯಿಲ್ಲ. ಪೂರ್ಣವಿರಾಮ ಮಾತ್ರ ತಪ್ಪದೆ ಹಾಕಿ; ಧ್ವನಿ ಅಲ್ಲಿ ನಿಲ್ಲುತ್ತದೆ, ಕೇಳುವವರಿಗೂ ಉಸಿರಾಡಲು ಸಮಯ ಸಿಗುತ್ತದೆ. “ಈ ಚಿತ್ರದಲ್ಲಿ” ಎಂದು ಶುರು ಮಾಡಬೇಡಿ. ಚಿತ್ರ ಎಂಬುದನ್ನು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ತೈಲಚಿತ್ರ, ಹಳೆಯ ಕಪ್ಪುಬಿಳುಪು ಫೋಟೋ, ಭೂಪಟ, ವ್ಯಂಗ್ಯಚಿತ್ರ ಇಂಥವಾದರೆ ಯಾವ ಬಗೆಯದು ಎಂದು ಹೇಳುವುದು ಉಪಯುಕ್ತ. ಸಂಕ್ಷೇಪಗಳನ್ನು ಬಿಡಿಸಿ ಬರೆಯಿರಿ: “ಕಿ.ಮೀ.” ಬದಲು ಕಿಲೋಮೀಟರ್, “ತಾ.” ಬದಲು ತಾಲ್ಲೂಕು. ನಡುವಿನ ಚುಕ್ಕಿಗಳಲ್ಲಿ ಧ್ವನಿ ಮುಗ್ಗರಿಸುವುದುಂಟು.

ಕನ್ನಡದಲ್ಲಿ ಬರೆದರೆ ಓದುತ್ತದೆಯೇ? ಓದುತ್ತದೆ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ಗೆ ಗೂಗಲ್‌ನ ಕನ್ನಡ ಧ್ವನಿಯಿದೆ. ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಜೊತೆಗೆ ಬರುವ ಇ-ಸ್ಪೀಕ್ ಧ್ವನಿ ಕೂಡ ಕನ್ನಡ ಓದುತ್ತದೆ. ದನಿ ಯಾಂತ್ರಿಕವಾದರೂ ಅರ್ಥವಾಗುತ್ತದೆ. ಆದರೆ ಪುಟ ಕನ್ನಡದ್ದು ಎಂದು ನೀವು ಹೇಳಿರಬೇಕು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್, ಜನರಲ್ ವಿಭಾಗದಲ್ಲಿ ಸೈಟಿನ ಭಾಷೆ ಇಂಗ್ಲಿಷ್ ಎಂದೇ ಉಳಿದಿದ್ದರೆ ಕನ್ನಡ ಅಕ್ಷರಗಳು ಇಂಗ್ಲಿಷ್ ಧ್ವನಿಯ ಕೈಗೆ ಸಿಗುತ್ತವೆ; ಆಗ ಅದು ಒಂದೋ ತಪ್ಪಾಗಿ ಓದುತ್ತದೆ, ಇಲ್ಲವೇ ನುಂಗಿಬಿಡುತ್ತದೆ. ಸೈಟು ಬಹುಪಾಲು ಇಂಗ್ಲಿಷಿನಲ್ಲಿದ್ದು ಕೆಲವು ಪುಟ ಮಾತ್ರ ಕನ್ನಡವಾದರೆ, ಆ ಪುಟ ಅಥವಾ ಆ ಚಿತ್ರದ ಟ್ಯಾಗಿಗೆ ಮಾತ್ರ ಭಾಷೆ ಕನ್ನಡ ಎಂದು ಗುರುತು ಹಾಕಿ. ಆಲ್ಟ್ ಟೆಕ್ಸ್ಟಿನ ಒಳಗೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಎಂದು ಬೇರೆ ಬೇರೆ ಗುರುತು ಹಾಕುವ ದಾರಿಯೇ ಇಲ್ಲ. ಆದ್ದರಿಂದ ಒಂದು ಆಲ್ಟ್‌ಗೆ ಒಂದೇ ಭಾಷೆ. ಇಂಗ್ಲಿಷ್ ಹೆಸರುಗಳಿದ್ದರೆ ಕನ್ನಡ ಲಿಪಿಯಲ್ಲೇ ಬರೆಯಿರಿ. ಪುಟ ಯಾವ ಭಾಷೆಯಲ್ಲಿದೆಯೋ ವಿವರಣೆಯೂ ಅದೇ ಭಾಷೆಯಲ್ಲಿ ಇರಬೇಕು.

ಸುತ್ತೋಲೆಗಳು: ಇಲ್ಲಿ ಆಲ್ಟ್ ಟೆಕ್ಸ್ಟ್ ಮದ್ದಲ್ಲ

ನಿಮ್ಮ ವಿದ್ಯಾರ್ಥಿಗೆ ತೊಂದರೆಯಾದದ್ದು ಇದರಿಂದಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಕಾಲೇಜು, ಸಂಘ, ಪಂಚಾಯ್ತಿಗಳ ಸೈಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷವೂ ಇದೇ. ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಪ್ರಾಂಶುಪಾಲರ ಸಹಿ, ಸೀಲು ಹಾಕಿಸಿ, ಫೋನಿನಲ್ಲಿ ಫೋಟೋ ತೆಗೆದು ಅಪ್‌ಲೋಡ್ ಮಾಡುತ್ತಾರೆ. ಪಠ್ಯವಾಗಿ ಹುಟ್ಟಿದ್ದು ಫೋಟೋ ಆಗಿ ಮುಗಿಯುತ್ತದೆ.

ಇಡೀ ಸುತ್ತೋಲೆಯನ್ನು ಆಲ್ಟ್ ಬಾಕ್ಸಿಗೆ ತುರುಕಿದರೆ ನಿಯಮ ಪಾಲಿಸಿದಂತೆ ಕಂಡೀತು, ಕೆಲಸವಾಗದು. ಶುಲ್ಕದ ಕೋಷ್ಟಕ ಅಲ್ಲಿ ಚಪ್ಪಟೆಯಾಗಿ ಒಂದೇ ಸಾಲಿನ ಅಂಕಿಗಳಾಗುತ್ತದೆ. ಕೊನೆಯ ದಿನಾಂಕವನ್ನು ಮತ್ತೆ ಕೇಳಬೇಕಾದರೆ ಮೊದಲಿನಿಂದ ಕೇಳಬೇಕು. ಮಂದದೃಷ್ಟಿಯ ಎಷ್ಟೋ ಜನ ಸ್ಕ್ರೀನ್ ರೀಡರ್ ಬಳಸದೆ ಅಕ್ಷರ ಹಿಗ್ಗಿಸಿ ಓದುತ್ತಾರೆ. ಫೋಟೋ ಹಿಗ್ಗಿಸಿದರೆ ಅಕ್ಷರ ಒಡೆದು ಮಸುಕಾಗುತ್ತದೆ, ಆಲ್ಟ್ ಟೆಕ್ಸ್ಟ್ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಪಠ್ಯದ ಬದಲು ಪಠ್ಯದ ಚಿತ್ರ ಹಾಕಬೇಡಿ ಎಂದು ಡಬ್ಲ್ಯುಸಿಎಜಿಯ 1.4.5ನೇ ನಿಯಮ ಹೇಳುವುದು ಇದಕ್ಕಾಗಿಯೇ.

ಪುಟದಲ್ಲೇ ಸುತ್ತೋಲೆಯ ಪಠ್ಯ ಹಾಕಿ: ವಿಷಯ ಶೀರ್ಷಿಕೆಯಾಗಿ, ಕೊನೆಯ ದಿನಾಂಕ ಮೊದಲ ಸಾಲಿನಲ್ಲಿ, ಶುಲ್ಕ ಕೋಷ್ಟಕವಾಗಿ. ಸಹಿ ಇರುವ ಪ್ರತಿಯೂ ದಾಖಲೆಗಾಗಿ ಬೇಕೇ ಬೇಕು ಎಂದರೆ ಅದನ್ನು ಕೆಳಗೆ ಇಡಿ, ಅದರ ಆಲ್ಟ್‌ಗೆ “ಈ ಸುತ್ತೋಲೆಯ ಸಹಿ ಇರುವ ಪ್ರತಿ, ದೊಡ್ಡದಾಗಿ ನೋಡಿ” ಎಂದಷ್ಟು ಬರೆಯಿರಿ.

ಆಫೀಸಿನಲ್ಲಿ ಟೈಪ್ ಮಾಡಿದ ಮೂಲ ಫೈಲ್ ಇರುತ್ತದಲ್ಲ, ಅದನ್ನೇ ಅಂಟಿಸಿದರಾಯಿತು ಅನ್ನಿಸಬಹುದು. ಅಲ್ಲೊಂದು ತೊಡಕಿದೆ. ಎಷ್ಟೋ ಕಚೇರಿಗಳಲ್ಲಿ ಇಂದಿಗೂ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಅದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಸ್ಕ್ರೀನ್ ರೀಡರ್ ಆ ಗೋಜಲನ್ನೇ ಓದುತ್ತದೆ. ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ: ಕನ್ನಡವಾಗಿ ಕಂಡರೆ ಯೂನಿಕೋಡ್ (ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಅಕ್ಷರ), ಇಲ್ಲವಾದರೆ ಆಸ್ಕಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಎಡವುವುದು ಅಲ್ಲೇ. ಮುಂದಿನ ಸುತ್ತೋಲೆಯಿಂದ ನೇರವಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿದರೆ ಈ ಕೆಲಸವೇ ತಪ್ಪುತ್ತದೆ.

ಮೂಲ ಫೈಲ್ ಸಿಗದಿದ್ದರೆ ಫೋಟೋವನ್ನು ಗೂಗಲ್ ಲೆನ್ಸ್ ಅಥವಾ ಗೂಗಲ್ ಡ್ರೈವ್‌ನಲ್ಲಿ ಓದಿಸಿ ಪಠ್ಯ ಪಡೆಯಬಹುದು. ಮುದ್ರಿತ ಕನ್ನಡ ಚೆನ್ನಾಗಿಯೇ ಬರುತ್ತದೆ. ಸೀಲಿನ ಕೆಳಗೆ ಸಿಕ್ಕಿದ ಸಾಲು, ಕೋಷ್ಟಕದ ಅಂಕಿಗಳು ಕೆಡುತ್ತವೆ. ದಿನಾಂಕ ಮತ್ತು ಮೊತ್ತವನ್ನು ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡದೆ ಹಾಕಬೇಡಿ. ಪಿಡಿಎಫ್ ಹಾಕಿದರೆ ಸಾಕೇ ಎಂದರೆ, ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಫೋಟೋವೇ. ಟೈಪ್ ಮಾಡಿದ ಫೈಲಿನಿಂದ ನೇರವಾಗಿ ಉಳಿಸಿದ ಪಿಡಿಎಫ್ ಅದಕ್ಕಿಂತ ಮೇಲು, ಆದರೆ ಕನ್ನಡದ ಒತ್ತಕ್ಷರಗಳು ಪಿಡಿಎಫ್ ಆಗುವಾಗ ಒಳಗೊಳಗೇ ಕಲಸಿಹೋಗುವುದುಂಟು. ಮೊದಲ ಆಯ್ಕೆ ಪುಟದ ಮೇಲಿನ ಪಠ್ಯವೇ ಆಗಿರಲಿ.

ಗ್ರಾಫ್‌ಗಳ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಭೂಗೋಳ ವಿಭಾಗದವರು ಹಿರಿಯೂರಿನ ವಾಣಿ ವಿಲಾಸ ಸಾಗರದ ನೀರಿನ ಮಟ್ಟವನ್ನು ಗೆರೆ ನಕ್ಷೆಯಾಗಿ ಹಾಕಿದ್ದಾರೆ ಅಂದುಕೊಳ್ಳಿ. “ನೀರಿನ ಮಟ್ಟದ ಗ್ರಾಫ್” ಎಂಬ ಆಲ್ಟ್ ಬಾಗಿಲು ತೋರಿಸಿ ಒಳಗೆ ಬಿಡದ ಹಾಗೆ. ನೋಡಿದವರು ಆ ಗೆರೆಯಿಂದ ಏನು ತಿಳಿದುಕೊಳ್ಳುತ್ತಾರೋ ಅದನ್ನು ಬರೆಯಿರಿ: “ವಾಣಿ ವಿಲಾಸ ಸಾಗರದ ನೀರಿನ ಮಟ್ಟ, ವರ್ಷವಾರು ಗೆರೆ ನಕ್ಷೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಹಲವು ದಶಕ ಗೆರೆ 130 ಅಡಿಯ ಪೂರ್ಣ ಮಟ್ಟದ ಕೆಳಗೇ ಇದೆ. 2022ರಲ್ಲಿ ದಾಟಿ ಮತ್ತೆ ಕೋಡಿ ಬಿದ್ದಿದೆ. ಅಂಕಿಗಳು ಕೆಳಗಿನ ಕೋಷ್ಟಕದಲ್ಲಿವೆ.” ಆ ಕೋಷ್ಟಕವನ್ನು ನಿಜವಾಗಿಯೂ ಕೆಳಗೆ ಹಾಕಿ, ಅದೂ ಚಿತ್ರವಾಗಿ ಅಲ್ಲ. ಒಂದೇ ಗ್ರಾಫಿನಲ್ಲಿ ಎರಡು ಮೂರು ಗೆರೆಗಳಿದ್ದರೆ ಬಣ್ಣದಿಂದ ಮಾತ್ರ ಬೇರೆ ಮಾಡದೆ ಗೆರೆಯ ಮೇಲೇ ಹೆಸರು ಬರೆಸಿ. ಕೆಂಪು ಹಸಿರು ಬೇರ್ಪಡಿಸಲಾಗದವರು ನಿಮ್ಮ ತರಗತಿಯಲ್ಲೇ ಇರಬಹುದು.

ಎಐ ಪ್ಲಗಿನ್ ಮತ್ತು ಆರುನೂರು ಹಳೆಯ ಚಿತ್ರಗಳು

ಪ್ಲಗಿನ್ ಹಾಕಬಾರದು ಎಂದು ನಾನು ಹೇಳುವುದಿಲ್ಲ. ಕರಡು ಬರೆಯಲು ಅದು ನೆರವಾಗುತ್ತದೆ. ಆದರೆ ಫೋಟೋ ಯಾವ ಪುಟದಲ್ಲಿ ಏಕೆ ಇದೆ ಎಂಬುದು ಅದಕ್ಕೆ ತಿಳಿಯದು. ಓಬವ್ವನ ಕಿಂಡಿಗೆ “ಬಂಡೆಗಳ ಮುಂದೆ ನಿಂತ ಜನರ ಗುಂಪು” ಎಂದು ಬರೆದು ಕೊಟ್ಟೀತು. ತಪ್ಪಲ್ಲ, ಪ್ರಯೋಜನವೂ ಇಲ್ಲ. ನಿಜವಾದ ಅಪಾಯ ಇನ್ನೊಂದು ಕಡೆಯಿದೆ: ಗೊತ್ತಿಲ್ಲದ ಊರಿನ ಹೆಸರು, ಗ್ರಾಫಿನ ಅಂಕಿ, ಸುತ್ತೋಲೆಯ ದಿನಾಂಕಗಳನ್ನು ಅದು ಅನುಮಾನವೇ ಬಾರದಂಥ ಸೊಗಸಾದ ವಾಕ್ಯದಲ್ಲಿ ತಪ್ಪಾಗಿ ಹೇಳಬಲ್ಲದು. ಕಣ್ಣಿದ್ದವರು ಫೋಟೋ ನೋಡಿ ತಪ್ಪು ಹಿಡಿಯುತ್ತಾರೆ. ಕಾಣದವರಿಗೆ ಆ ವಾಕ್ಯವೇ ಇಡೀ ಚಿತ್ರ. ಇದಕ್ಕಾಗಿಯೇ ತಾನಾಗಿ ಪ್ರಕಟಿಸುವ ಆಯ್ಕೆಯನ್ನು ಆಫ್ ಮಾಡಿ. ಒಬ್ಬರು ಓದಿ ಒಪ್ಪಿದ ಮೇಲೆಯೇ ಉಳಿಯುವಂತೆ ಇಡಿ. ಸುತ್ತೋಲೆ, ಗ್ರಾಫ್, ಹೆಸರಿರುವ ವ್ಯಕ್ತಿಗಳ ಫೋಟೋಗಳಿಗೆ ಅದನ್ನು ಬಳಸಲೇಬೇಡಿ.

ವರ್ಡ್‌ಪ್ರೆಸ್‌ನ ಮೀಡಿಯಾ ಲೈಬ್ರರಿಯಲ್ಲಿ ನಾಲ್ಕು ಬಾಕ್ಸ್‌ಗಳಿವೆ: ಆಲ್ಟ್ ಟೆಕ್ಸ್ಟ್, ಟೈಟಲ್, ಕ್ಯಾಪ್ಷನ್, ಡಿಸ್ಕ್ರಿಪ್ಷನ್. ಸ್ಕ್ರೀನ್ ರೀಡರ್‌ಗೆ ಚಿತ್ರದ ಬದಲಿಯಾಗಿ ಹೋಗುವುದು ಮೊದಲನೆಯದು ಮಾತ್ರ. ಕ್ಯಾಪ್ಷನ್ ಎಲ್ಲರಿಗೂ ಕಾಣುವ ಅಡಿಬರಹ. ಅದನ್ನೇ ಆಲ್ಟ್‌ಗೆ ನಕಲು ಮಾಡಿದರೆ ಎರಡು ಸಲ ಕೇಳಿಸುತ್ತದೆ. ಗೂಗಲ್‌ನಲ್ಲಿ ಮೇಲೆ ಬರಲಿ ಎಂದು “ದಾವಣಗೆರೆ ಅತ್ಯುತ್ತಮ ಕಾಲೇಜು, ದಾವಣಗೆರೆ ಪದವಿ ಕಾಲೇಜು” ಎಂದು ಆಲ್ಟ್‌ನಲ್ಲಿ ತುಂಬಿಸುವ ಚಾಳಿ ಬೇಡ. ಗೂಗಲ್ಲೇ ಅದನ್ನು ಒಪ್ಪುವುದಿಲ್ಲ, ಕೇಳುವವರಿಗಂತೂ ಹಿಂಸೆ.

ಲೈಬ್ರರಿಯಲ್ಲಿ ಈಗ ಆಲ್ಟ್ ತುಂಬಿದರೆ ಮುಂದೆ ಸೇರಿಸುವ ಕಡೆ ಅದು ಬರುತ್ತದೆ. ಈಗಾಗಲೇ ಪುಟಗಳಲ್ಲಿ ಸೇರಿಸಿಬಿಟ್ಟ ಚಿತ್ರಗಳಿಗೆ ತಾನಾಗಿ ಹೋಗುವುದಿಲ್ಲ. ಸೇರಿಸಿದ ಹೊತ್ತಿನಲ್ಲಿ ಏನಿತ್ತೋ ಅದೇ ಉಳಿದಿರುತ್ತದೆ. ಹಳೆಯ ಪುಟಗಳನ್ನು ಒಂದೊಂದಾಗಿ ತೆರೆದು, ಚಿತ್ರದ ಮೇಲೆ ಒತ್ತಿ, ಬಲಗಡೆಯ ಪಟ್ಟಿಯಲ್ಲಿ ಬರೆಯಬೇಕು. ಇದು ತಿಳಿಯದೆ ಲೈಬ್ರರಿ ಪೂರ್ತಿ ತುಂಬಿಸಿ, ಸೈಟಿನಲ್ಲಿ ಏನೂ ಬದಲಾಗಲಿಲ್ಲ ಎಂದು ಕೈಚೆಲ್ಲುವವರು ಬಹಳ.

ಆದ್ದರಿಂದ ಆರುನೂರನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ಲಿಂಕ್ ಇರುವ ಚಿತ್ರಗಳು, ಮೆನು, ಬಟನ್‌ಗಳು. ಜೊತೆಗೇ ಈ ಶೈಕ್ಷಣಿಕ ವರ್ಷದ ಸುತ್ತೋಲೆಗಳು, ಪ್ರವೇಶಾತಿ, ಶುಲ್ಕ, ವೇಳಾಪಟ್ಟಿ, ವಿದ್ಯಾರ್ಥಿವೇತನದ ಪುಟಗಳು. ಆಮೇಲೆ ಪಾಠಕ್ಕೆ ಬೇಕಾದ ನಕ್ಷೆ, ಗ್ರಾಫ್. ಕಾರ್ಯಕ್ರಮದ ಫೋಟೋಗಳು ಕೊನೆಗೆ. ಒಂದೇ ಸಮಾರಂಭದ ಮೂವತ್ತು ಫೋಟೋಗಳಿದ್ದರೆ ಐದನ್ನು ಉಳಿಸಿಕೊಂಡು ಚೆನ್ನಾಗಿ ಬರೆಯಿರಿ. ಅವಧಿ ಮುಗಿದ ಹಳೆಯ ಸುತ್ತೋಲೆಗಳನ್ನು ತೆಗೆದರೂ ನಷ್ಟವಿಲ್ಲ. ಇದರ ನಡುವೆ ಹೊಸದಾಗಿ ಸೇರುವ ಒಂದು ಚಿತ್ರವೂ ತೀರ್ಮಾನವಿಲ್ಲದೆ ಒಳಗೆ ಬಾರದಂತೆ ನೋಡಿಕೊಳ್ಳಿ. ಬರೆಯಬೇಕಾದವರು ಫೋಟೋ ಕಳಿಸಿದ ವಿಭಾಗದವರೇ. ಅದರಲ್ಲಿ ಯಾರಿದ್ದಾರೆ, ಏನು ನಡೆಯುತ್ತಿದೆ ಎಂದು ಬಲ್ಲವರು ಅವರು. ಫೋಟೋದ ಜೊತೆ ಎರಡು ಸಾಲು ಬರೆದು ಕಳಿಸಿದರೆ ಮಾತ್ರ ಹಾಕುತ್ತೇನೆ ಎಂದು ಹೇಳಿಬಿಡಿ.

ಪರೀಕ್ಷಿಸಲು ವೇವ್ ಎಂಬ ಉಚಿತ ಬ್ರೌಸರ್ ಎಕ್ಸ್‌ಟೆನ್ಷನ್ ಇದೆ. ಆಲ್ಟ್ ಇಲ್ಲದ ಚಿತ್ರ, ಹೆಸರಿಲ್ಲದ ಲಿಂಕ್‌ಗಳನ್ನು ಕೆಂಪು ಗುರುತು ಹಾಕಿ ತೋರಿಸುತ್ತದೆ. ಬರೆದದ್ದು ಅರ್ಥಪೂರ್ಣವೋ ಅಲ್ಲವೋ ಎಂದು ಅದಕ್ಕೆ ತಿಳಿಯದು. ಎನ್‌ವಿಡಿಎ ಹಾಕಿಕೊಂಡು, ಮಾನಿಟರ್ ಆಫ್ ಮಾಡಿ, ಜಿ ಕೀ ಒತ್ತುತ್ತ ಹೋಗಿ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಕರೆದೊಯ್ಯುತ್ತದೆ. ಖಾಲಿ ಆಲ್ಟ್ ಇರುವವು ಅದಕ್ಕೆ ಸಿಗುವುದಿಲ್ಲ, ಸಿಗಬಾರದು ಕೂಡ. ವಿದ್ಯಾರ್ಥಿಗಳು ಬಳಸುವುದು ಫೋನಾದ್ದರಿಂದ ಟಾಕ್‌ಬ್ಯಾಕ್‌ನಲ್ಲೂ ಕೇಳಿಸಿಕೊಳ್ಳಿ. ಆ ಹುಡುಗನ ಅಭಿಪ್ರಾಯವನ್ನು ಖಂಡಿತ ಕೇಳಿ, ಆದರೆ ಅವನನ್ನೇ ಬಿಟ್ಟಿ ಪರೀಕ್ಷಕನನ್ನಾಗಿ ಮಾಡಿಕೊಳ್ಳಬೇಡಿ. ಅವನು ಓದಲು ಬಂದವನು. ಪುಟಗಳನ್ನು ಕ್ರಮವಾಗಿ ಪರೀಕ್ಷಿಸಿ ಕೊಡು ಎಂದು ಕೇಳುವುದಾದರೆ ಗೌರವಧನ ಕೊಡಿಸಿ.

ಕಾನೂನಿನ ಪ್ರಶ್ನೆಗೆ ಚಿಕ್ಕ ಉತ್ತರ: ಹೌದು, ನಿಮಗೂ ಅನ್ವಯಿಸುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳ ಸೌಲಭ್ಯಗಳು ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. 46ನೇ ಸೆಕ್ಷನ್ ಸೇವೆ ನೀಡುವವರು ಸರ್ಕಾರಿಯಾಗಲಿ ಖಾಸಗಿಯಾಗಲಿ, ನಿಯಮ ಬಂದ ಎರಡು ವರ್ಷದೊಳಗೆ ಪಾಲಿಸಬೇಕು ಎನ್ನುತ್ತದೆ. ನಿಯಮಗಳು ಬಂದದ್ದು 2017ರಲ್ಲಿ. ಇವು ಬರೀ ಶಿಫಾರಸುಗಳಾಗಿ ಉಳಿಯಬಾರದು, ಕಡ್ಡಾಯ ಮಾನದಂಡಗಳಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. 2025ರ ಏಪ್ರಿಲ್‌ನಲ್ಲಿ, ಡಿಜಿಟಲ್ ಸೇವೆಗಳು ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ವೆಬ್‌ಸೈಟಿನಂಥವು ಎಲ್ಲರಿಗೂ ಎಟುಕುವಂತೆ ಇರಲು ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಎಂಬ ಮಾನದಂಡವೂ ಇದೆ.

ಆಡಳಿತ ಮಂಡಳಿಯವರು ಹೊಸ ಸೈಟ್ ಮಾಡಿಸಲು ಹೊರಗಿನವರಿಗೆ ಕೆಲಸ ಕೊಡುವುದಾದರೆ, ವರ್ಕ್ ಆರ್ಡರಿನಲ್ಲೇ ಡಬ್ಲ್ಯುಸಿಎಜಿ 2.2ರ ಎಎ ಹಂತ ಮತ್ತು ಐಎಸ್ 17802 ಪಾಲಿಸಬೇಕು ಎಂದು ಬರೆಸಿ. ಚಿತ್ರ ಸೇರಿಸುವಾಗ ವಿವರಣೆ ಬರೆಯಬೇಕು ಇಲ್ಲವೇ “ಅಲಂಕಾರ ಮಾತ್ರ” ಎಂದು ಟಿಕ್ ಹಾಕಬೇಕು, ಎರಡೂ ಇಲ್ಲದೆ ಪ್ರಕಟವಾಗಬಾರದು ಎಂಬ ವ್ಯವಸ್ಥೆಯನ್ನೂ ಕೇಳಿ. ಕೊನೆಯ ಕಂತಿನ ಹಣ ಕೊಡುವ ಮೊದಲು ಪ್ರವೇಶಾತಿಯ ಪುಟವನ್ನು ಸ್ಕ್ರೀನ್ ರೀಡರ್‌ನಲ್ಲಿ ಅವರಿಂದಲೇ ನಿಮ್ಮೆದುರು ಓದಿಸಿ.